ಸದಾ ಒಂದನೇ ಆಟಗಾರ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಕೀಯನ್ನು ಆತ ಉಡಿದಾರಕ್ಕೆ ಕಟ್ಟಿಕೊಂಡಿದ್ದ. ದಾರ ಗಿಡ್ಡ. ಹಾಗಾಗಿ ಬೀಗ ತೆಗೆಯಬೇಕಾದರೆ ಸೊಂಟವನ್ನೇ ಬಾಗಿಲಿಗೆ ಒತ್ತಿ, ಮೊಣಕಾಲು ಮಡಿಸಿ, ಅರ್ಧ ಕುಕ್ಕರಿಸಬೇಕಾಗುತ್ತಿತ್ತು. ಸಾಲಾಗಿ ನಿಂತ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ದಾರದಿಂದ ಬಿಚ್ಚಿದರೆ ಯಾರಾದರೂ ಎಗರಿಸಿಬಿಟ್ಟಾರು ಎಂಬ ಭಯಕ್ಕೆ ಆತ ಈ ಕಸರತ್ತನ್ನು ನಿವೃತ್ತಿಯಾಗುವ ದಿನದವರೆಗೂ ಮಾಡಿದ.

ಒಳಗೆ ಹೋದ ಮೇಲಾದರೂ ಮಕ್ಕಳಿಗೆ ಏನಾದರೂ ಸಿಗುತ್ತಿತ್ತೇ ಎಂದರೆ ಅದೂ ಇಲ್ಲ. ಕಂಪ್ಯೂಟರುಗಳಿಗೆಲ್ಲ ಹೂವಿನ ಚಿತ್ತಾರದ ಬಟ್ಟೆಯ ಕವಚ ಹೊಲಿಸಿದ್ದ. ಒಂದರ ಕವಚ ಮಾತ್ರ ಸರಿಸಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಬೆತ್ತದಿಂದ ತೋರಿಸುತ್ತಿದ್ದ. "ಇದು ಮಾನಿಟರ್. ಇದು ಕೀಬೋರ್ಡ್. ಮುಟ್ಟಂಗಿಲ್ಲ." ಹೀಗೆ ಮುಟ್ಟದೆಯೇ ಆ ಯಂತ್ರಗಳು ಹಳತಾಗಿ, ಮೂಲೆ ಸೇರಿ, ಅವುಗಳ ಜಾಗಕ್ಕೆ ಹೊಸವು ಬಂದು, ಅವಕ್ಕೂ ಹೂವಿನ ಕವಚ ಬಂತು. ಮಧುಗಿರಿಯ ಎಷ್ಟೋ ಮಕ್ಕಳು ಆತನ ಕೈಕೆಳಗೆ ಕಂಪ್ಯೂಟರ್ ಕಲಿತು, ಮೌಸ್ ಹಿಡಿಯಲು ಬಾರದೆ ಕಾಲೇಜು ಸೇರಿದರು.

ಹೋದ ತಿಂಗಳು ಸಿರಾದ ತನ್ನ ಮನೆಯಲ್ಲಿ ಆತ ತೀರಿಕೊಂಡ. ಅದೇ ಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು ನಾನು. ವಯಸ್ಸಿನಲ್ಲಿ ಹಿರಿಯನೆಂದು ಎದುರಿಗೆ ಸರ್ ಎನ್ನುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಹೆಸರೂ ಬೇಡ. ಆತನನ್ನು ಬಲ್ಲವರಿಗೆ ಉಡಿದಾರ ಅಂದರೆ ಸಾಕು.

ಸೋಲುವುದೆಂದರೆ ಆತನಿಗೆ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಕೇರಂ ಬೋರ್ಡ್ ಇದೆ. ಗೆಲ್ಲುತ್ತಿರುವಷ್ಟು ಹೊತ್ತು ಆತ ಕಾಲು ಅಲ್ಲಾಡಿಸುತ್ತಾ, ಎದುರಿಗಿರುವವರ ಡಬ್ಬಿಯಿಂದ ಸಂಡಿಗೆ ಎತ್ತಿ ತಿನ್ನುತ್ತಾ ಆಡುವನು. ಸೋಲುವ ಸೂಚನೆ ಕಂಡರೆ ಪೌಡರ್ ಜಾಸ್ತಿಯಾಯಿತು, ಸ್ಟ್ರೈಕರ್ ತೂಕ ಸರಿಯಿಲ್ಲ, ಯಾರೋ ಬೋರ್ಡು ಅಲ್ಲಾಡಿಸಿದರು. ನಮ್ಮ ದೈಹಿಕ ಶಿಕ್ಷಕ ಫಯಾಜ್ ಸರ್, ಅವರೂ ಸಿರಾದವರೇ, ದಿನಾ ಆತನ ಜೊತೆಗೇ ಬಸ್ಸಿನಲ್ಲಿ ಬಂದುಹೋಗುವವರು. ಅವರು ಒಂದು ಮಧ್ಯಾಹ್ನ ಕೆಂಪು ಕಾಯಿ ಹಾಕಿ ಇನ್ನೇನು ಆಟ ಮುಗಿಸಬೇಕು, ಆತ "ಬೆಲ್ ಆಯ್ತು" ಎಂದು ಬೋರ್ಡನ್ನೇ ಎತ್ತಿ ಗೋಡೆಗೆ ಒರಗಿಸಿಬಿಟ್ಟ. ಬೆಲ್ ಆಗಿರಲೇ ಇಲ್ಲ. ಆಮೇಲೆ ಆ ವರ್ಷ ಮುಗಿಯುವವರೆಗೆ ಬಸ್ಸಿನಲ್ಲಿ ಫಯಾಜ್ ಸರ್ ಪಕ್ಕ ಕೂರಲಿಲ್ಲ.

"ಅರೆ, ಒಂದು ಕೆಂಪು ಕಾಯಿಗೆ ಇಷ್ಟು ಗುಸ್ಸಾನಾ ಮೇಡಂ?" ಎಂದು ಫಯಾಜ್ ಸರ್ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಅಟೆಂಡರ್ ಲಕ್ಷ್ಮಮ್ಮನ ಪುಟ್ಟ ಮಗಳ ಜೊತೆ ಆತ ಚೌಕಾಬಾರ ಆಡಿದ್ದನ್ನು ಕಂಡಿದ್ದೆ. ಎಲ್ಲ ಕಾಯಿಗಳನ್ನೂ ಹೊಡೆದು, ಮಗು ಎದ್ದು ಹೋಗಲು ಹೊರಟರೆ ಕೈ ಹಿಡಿದು ಕೂರಿಸಿ, "ಸೋತೆ ಸರ್ ಅನ್ನು. ಅಂದ್ಮೇಲೆ ಹೋಗು" ಎಂದ. ಮಗು ಕಣ್ಣು ತುಂಬಿಕೊಂಡು ಅಂದಿತು. ಸ್ಟಾಫ್ ರೂಮಿಗೆ ಬಂದು ಅದನ್ನೂ ನಮಗೆ ಹೇಳಿಕೊಂಡ, ಕೈ ಕೈ ಉಜ್ಜಿಕೊಂಡು.

ಇಂಥ ಮನುಷ್ಯನ ಹತ್ತಿರ ನಾನೇ ಹೋಗಿ ಕೈಚಾಚಬೇಕಾಗಿ ಬಂತು, ನನ್ನ ಅಣ್ಣನಿಗೋಸ್ಕರ.

ಅಣ್ಣ ಪಾವಗಡದ ಕಡೆ ಬಲಸಮುದ್ರದಲ್ಲಿ ಇದ್ದಾನೆ. ಅತ್ತಿಗೆಯ ಊರು ಅದು. ಸೋಲಾರ್ ಪಾರ್ಕ್ ಬಂದಾಗ ಅಲ್ಲೇ ಫಲಕಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿ, ಬಿಸಿಲಿನಲ್ಲಿ ಸಾಲಿನಿಂದ ಸಾಲಿಗೆ ಬೈಕಿನಲ್ಲಿ ಓಡಾಡಿಕೊಂಡು ಗಟ್ಟಿಮುಟ್ಟಾಗಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಕುಸಿದು ಬಿದ್ದ. ಲಕ್ವ. ಎಡಗಾಲು ಬೇಗ ಸುಧಾರಿಸಿತು, ಕೋಲು ಹಿಡಿದು ನಡೆಯುವಷ್ಟಾಯಿತು. ಎಡಗೈ ಮಾತ್ರ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿರುತ್ತಿತ್ತು. ಹಿಚುಕುತ್ತಿರಿ ಎಂದು ಫಿಸಿಯೋದವರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಣ್ಣ ಅದನ್ನು ಕಿಟಕಿಯಿಂದ ಆಚೆ ಎಸೆದ. ಅತ್ತಿಗೆ ತಂದು ಕೊಟ್ಟಳು, ಮತ್ತೆ ಎಸೆದ.

"ಏಂ ಚೇಸೇದಮ್ಮಾ, ನಾನೇನು ಮಾಡ್ಲಿ, ಬಾಲು ಮುಟ್ಟಲ್ಲ ಅಂತಾರೆ, ಮಾತೂ ಆಡಲ್ಲ ಅಂತಾರೆ," ಎಂದು ಅತ್ತಿಗೆ ಫೋನಿನಲ್ಲಿ ಅಳುತ್ತಿದ್ದಳು. "ಬಂದೋರೆಲ್ಲ ಪಾಪ ಪಾಪ ಅಂದು ಹೋಗ್ತಾರೆ. ಅವರು ಹೋದ್ಮೇಲೆ ಇವರು ಗೋಡೆ ಕಡೆ ತಿರುಕ್ಕೊಂಡು ಮಲಕ್ಕೊಂತಾರೆ."

ನಾವು ಬೆಳೆದದ್ದು ಹೊಳವನಹಳ್ಳಿಯಲ್ಲಿ. ಅಪ್ಪ ಅಲ್ಲಿ ಲೈನ್‌ಮನ್. ಊರಿಗೆಲ್ಲ ಮೊದಲು ನಮ್ಮ ಮನೆಗೇ ಒಂದು ಟಿವಿ ಗೇಮ್ ಬಂದಿತ್ತು. ಕ್ಯಾಸೆಟ್ ಸಿಕ್ಕಿಸಿ, ಎರಡು ರಿಮೋಟು ಹಿಡಿದು ಇಬ್ಬರು ಆಡುವಂಥದ್ದು. ಇಟ್ಟಿಗೆ ಗೋಡೆಗಳ ನಡುವೆ ಪುಟ್ಟ ಟ್ಯಾಂಕುಗಳು ಓಡಾಡುವ ಆಟ ನಮಗೆ ಪ್ರಾಣ. ಆಡುವಾಗ ಅಣ್ಣ ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಳ್ಳುತ್ತಿದ್ದ. ಆ ರಿಮೋಟಿನಲ್ಲಿ ಟ್ಯಾಂಕನ್ನು ತಿರುಗಿಸುವ ಗುಂಡಿ ಎಡಗೈ ಹೆಬ್ಬೆರಳ ಕೆಳಗೆ ಬರುತ್ತದೆ. ಅದು ನೆನಪಾಗಿದ್ದೇ ನನಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. ಚೆಂಡು ಹಿಚುಕದವನು ಟ್ಯಾಂಕು ತಿರುಗಿಸಬಹುದು.

ಹಳೆಯ ಗೇಮ್ ಪೆಟ್ಟಿಗೆಗಳು ಈಗ ಇಲ್ಲ. ಅದರ ಬದಲು ಎಮ್ಯುಲೇಟರ್ ಎಂಬುದಿದೆ. ಕಂಪ್ಯೂಟರಿಗೆ ಹಾಕಿಕೊಂಡರೆ ಅದು ಆ ಹಳೆಯ ಪೆಟ್ಟಿಗೆಯಂತೆಯೇ ನಡೆದುಕೊಳ್ಳುತ್ತದೆ, ಅದೇ ಆಟ, ಅದೇ ಕೀಚು ಸಂಗೀತ. ಇಂಟರ್ನೆಟ್ ಮೂಲಕ ಎರಡು ಊರಿನ ಎರಡು ಕಂಪ್ಯೂಟರುಗಳನ್ನು ಜೋಡಿಸಿ, ಒಂದೇ ಟಿವಿಯ ಮುಂದೆ ಕೂತಂತೆ ಇಬ್ಬರೂ ಆಡಬಹುದು. ಅಣ್ಣನ ಮಗಳು ತುಮಕೂರಿನಲ್ಲಿ ಓದುತ್ತಾಳೆ. ರಜೆಗೆ ಬಂದವಳು ತನ್ನ ಹಳೆಯ ಲ್ಯಾಪ್‌ಟಾಪಿಗೆ ಇದನ್ನೆಲ್ಲ ಹಾಕಿ, ಅಪ್ಪನಿಗೆ ಆ ಹಳೆಯ ರಿಮೋಟಿನಂಥದ್ದೇ ಒಂದು ಗೇಮ್‌ಪ್ಯಾಡ್ ಕೊಟ್ಟು ಹಾಸ್ಟೆಲಿಗೆ ಹೋದಳು. ನಾನು ಮಧುಗಿರಿಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ.

ಜೋಡಣೆ ಮಾತ್ರ ಕೂಡಿಬರಲಿಲ್ಲ. ಹೇಗೋ ಒಮ್ಮೆ ಕೂಡಿದರೂ ನನ್ನ ಪರದೆಯಲ್ಲಿ ಅಣ್ಣನ ಟ್ಯಾಂಕು ಗೋಡೆಗೆ ಮುಖ ಕೊಟ್ಟು ನಿಂತಿರುತ್ತಿತ್ತು, ಅವನ ಪರದೆಯಲ್ಲಿ ಅದು ಆಗಲೇ ಎಲ್ಲೋ ಗುಂಡು ಹಾರಿಸುತ್ತಿತ್ತು. "ನನಗೇ ಹುಚ್ಚೋ ಇದಕ್ಕೇ ಹುಚ್ಚೋ ತಿಳೀತಿಲ್ಲ ಕಣೇ ಸುಜಿ," ಎಂದ ಅಣ್ಣ. ಬಹಳ ದಿನದ ಮೇಲೆ ಅವನ ಬಾಯಿಂದ ಇಷ್ಟುದ್ದದ ವಾಕ್ಯ ಬಂದಿತ್ತು. ಅದಕ್ಕೇ ಬಿಡಲಾಗಲಿಲ್ಲ. ಮಾರನೆಯ ದಿನ ಆತನನ್ನು ಕೇಳಿದೆ.

ಆತ ಮೊದಲು ನಕ್ಕ. "ಕನ್ನಡ ಪಾಠ ಅಲ್ಲ ಮೇಡಂ ಇದು. ನಿಮ್ಗೆ ಗೊತ್ತಾಗಲ್ಲ ಬುಡಿ." ಆಮೇಲೆ ನನ್ನ ಲ್ಯಾಪ್‌ಟಾಪನ್ನು ಎಳೆದುಕೊಂಡು ಏನೋ ನೋಡಿ, ಎರಡೂ ಕಡೆಯ ಆಟದ ಫೈಲು ಬೇರೆ ಬೇರೆ ದೇಶದ ಆವೃತ್ತಿ, ಎರಡೂ ಒಂದೇ ಇರಬೇಕು ಎಂದ. ಅದು ನಿಜವಾಗಿತ್ತು. ಆತನಿಗೆ ವಿಷಯ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಾಗಬಾರದು ಎಂಬುದಷ್ಟೇ ಆತನ ಚಿಂತೆ. ಸೆಟ್ಟಿಂಗ್ಸ್ ತೆರೆಯುವ ಮೊದಲು "ಆ ಕಡೆ ತಿರುಗಿ" ಎಂದ. ನನ್ನದೇ ಲ್ಯಾಪ್‌ಟಾಪ್, ನಾನು ಗೋಡೆಯ ಮೇಲಿನ ಭೂಪಟದ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ಟಕಟಕ ಸದ್ದು. "ಹೂಂ, ಈಗ ತಿರುಗಿ."

ಇಷ್ಟಾದ ಮೇಲೆ ಒಂದು ಕರಾರು ಹಾಕಿದ. ಆಟವನ್ನು ನಡೆಸುವವರು ಹೋಸ್ಟ್, ಸೇರಿಕೊಳ್ಳುವವರು ಅತಿಥಿ. ಮೊಬೈಲ್ ಸಿಮ್ಮಿನ ಇಂಟರ್ನೆಟ್ಟಿನಲ್ಲಿ ನೂರಾರು ಜನಕ್ಕೆ ಒಂದೇ ವಿಳಾಸ, ಹೊರಗಿನವರು ಬಂದು ನಿಮ್ಮ ಬಾಗಿಲನ್ನೇ ತಟ್ಟಲು ಆಗುವುದಿಲ್ಲ. ನನಗೂ ಅಣ್ಣನಿಗೂ ಇದ್ದದ್ದು ಮೊಬೈಲ್ ಇಂಟರ್ನೆಟ್ಟೇ. "ನಮ್ಮನೇಲಿ ಫೈಬರ್ ಲೈನ್ ಐತೆ. ರೂಟರಲ್ಲಿ ಬಾಗಿಲು ತೆಗೆದಿಟ್ಟಿರ್ತೀನಿ. ನಾನೇ ಹೋಸ್ಟ್. ಬೇರೆ ದಾರಿ ಇಲ್ಲ," ಎಂದ. ನಾನು ಕೈ ಮುಗಿದೆ, ನಿಜವಾಗಿ ಮುಗಿದೆ. ಆತನ ಒಳ್ಳೆಯತನಕ್ಕೆ ಬೆರಗಾದೆ.

ಸಂಜೆ ಮೂರು ಊರುಗಳು ಕೂಡಿದವು. ಫೋನಿನಲ್ಲಿ ಮೂವರೂ ಮಾತಾಡುತ್ತಾ ಪರದೆ ನೋಡುತ್ತಿದ್ದೆವು. ನನ್ನ ಗೇಮ್‌ಪ್ಯಾಡ್ ಒತ್ತಿದೆ, ಏನೂ ಆಗಲಿಲ್ಲ.

"ಸರ್, ನಂದು ಕೆಲಸ ಮಾಡ್ತಿಲ್ಲ."

"ಇಬ್ರು ಆಡೋ ಆಟ ಮೇಡಂ. ಒಂದನೇ ಆಟಗಾರ ನಾನು. ಎರಡು ನಿಮ್ಮಣ್ಣ. ನೀವು ಪ್ರೇಕ್ಷಕರು. ನೋಡಿ, ನೋಡಿ ಕಲೀಬೇಕು."

ಟ್ಯಾಂಕಿನ ಆಟವನ್ನೂ ಆತ ತೆಗೆದುಹಾಕಿದ್ದ. ಅದರಲ್ಲಿ ಇಬ್ಬರೂ ಒಂದೇ ಪಕ್ಷ, ಒಬ್ಬರು ಇನ್ನೊಬ್ಬರನ್ನು ಸೋಲಿಸುವಂತಿಲ್ಲವಲ್ಲ. ಅದರ ಬದಲು ಕುಸ್ತಿಯ ಆಟ. ಎರಡು ದಢೂತಿ ಗೊಂಬೆಗಳು ಹಗ್ಗದ ಕಣದಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆಯುವುದು. ಆತ ಅಣ್ಣನನ್ನು ಎತ್ತಿ ಒಗೆದ. ಮತ್ತೆ ಎತ್ತಿ ಒಗೆದ. ಆ ಸಂಜೆಯೂ, ಮಾರನೆಯ ಸಂಜೆಯೂ, ಆ ತಿಂಗಳ ಎಲ್ಲ ಸಂಜೆಗಳೂ ಅದೇ ನಡೆಯಿತು. ಶಾಲೆಯಿಂದ ಹೋಗಿ ಕಾಫಿ ಕುಡಿದು, ಎಡಗೈ ಬಾರದ ಒಬ್ಬ ಮನುಷ್ಯನನ್ನು ಕಣದ ಆಚೆಗೆ ಎಸೆಯುವುದು ಆತನ ದಿನಚರಿಯಾಯಿತು. ನಾನು ಮಧುಗಿರಿಯಲ್ಲಿ ಕೂತು ನೋಡಬೇಕು.

"ಏನ್ ಸಾರ್, ಎಡಗೈ ಮಲಗಿಬಿಡ್ತಾ?" ಎಂದು ಫೋನಿನಲ್ಲಿ ನಗುವನು. ಅಣ್ಣನ ಕಡೆಯಿಂದ ಮೂಗಿನ ಉಸಿರಿನ ಸದ್ದು ಮಾತ್ರ ಬರುತ್ತಿತ್ತು.

ಒಂದು ದಿನ ಸ್ಟಾಫ್ ರೂಮಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿಕೊಂಡೆ. "ಸರ್, ಅವನಿಗೆ ಹುಷಾರಿಲ್ಲ. ಒಂದೊಂದ್ಸಲ ಬಿಟ್ಟುಕೊಡಿ."

"ಆಟ ಅಂದ್ರೆ ಆಟ ಮೇಡಂ. ಸೋಲಾಕೆ ನಾನು ಬರಬೇಕಾ?" ಎಂದ, ಎಲ್ಲರಿಗೂ ಕೇಳುವಂತೆ. "ನಿಮ್ಮಣ್ಣಂಗೆ ಕಷ್ಟ ಆದ್ರೆ ಬ್ಯಾಡ ಅನ್ನಿ."

ಆ ದಿನ ನನಗೆ ಹುಟ್ಟಿದ ಅಸಹ್ಯ ಆತನ ಸಾವಿನ ನಂತರವೂ ಇಳಿದಿಲ್ಲ.

ಬೇಸಿಗೆ ರಜೆಯಲ್ಲಿ ಹಟ ಹಿಡಿದು ಕೂತು ಆ ಎಮ್ಯುಲೇಟರಿನ ಸಹಾಯದ ಪುಟಗಳನ್ನು ಓದಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಎರಡು ವಿಷಯ ಸ್ಪಷ್ಟವಾದವು. ಒಂದು, ಮೊಬೈಲ್ ಇಂಟರ್ನೆಟ್ ಇರುವವರಿಗೆಂದೇ ಮಧ್ಯದಲ್ಲಿ ಒಂದು ಸರ್ವರ್ ಇದೆ. ಇಬ್ಬರೂ ಹೋಗಿ ಅದಕ್ಕೆ ಸೇರಿಕೊಂಡರೆ ಆಯಿತು, ಯಾರು ಬೇಕಾದರೂ ಹೋಸ್ಟ್ ಆಗಬಹುದು. ಅದಕ್ಕೆ ಒಂದೇ ಒಂದು ಟಿಕ್ ಹಾಕಬೇಕು. ಸಿರಾದ ಫೈಬರ್ ಲೈನಿನ ಅಗತ್ಯವೇ ಇರಲಿಲ್ಲ. ಎರಡನೆಯದು ಇನ್ನೂ ಹೊಲಸು. ದೂರದ ಊರುಗಳ ನಡುವೆ ಗುಂಡಿ ಒತ್ತಿದ್ದು ತಲುಪಲು ಸ್ವಲ್ಪ ತಡವಾಗುತ್ತದೆ. ಆ ತಡವನ್ನು ಇಬ್ಬರಿಗೂ ಸಮನಾಗಿ ಹಂಚಬಹುದು, ಅಥವಾ ಹೋಸ್ಟ್ ಬಯಸಿದರೆ ಪೂರ್ತಿ ಅತಿಥಿಯ ತಲೆಗೇ ಕಟ್ಟಬಹುದು. ಆತ ನನಗೆ ಬೆನ್ನು ತಿರುಗಿಸಲು ಹೇಳಿ ಯಾವ ಯಾವ ಆಯ್ಕೆಗಳನ್ನು ಒತ್ತಿದ್ದ ಎಂದು ನನ್ನ ಲ್ಯಾಪ್‌ಟಾಪಿನಲ್ಲೇ ಹುಡುಕಿ ನೋಡಿದೆ. ತಡವೆಲ್ಲ ಅತಿಥಿಗೇ ಎಂಬ ಆಯ್ಕೆಗೆ ಟಿಕ್ ಬಿದ್ದಿತ್ತು. ಆತನ ಗೊಂಬೆ ಒತ್ತಿದ ಕ್ಷಣವೇ ಕೈ ಎತ್ತುತ್ತಿತ್ತು. ಅಣ್ಣನ ಗೊಂಬೆ ಯೋಚಿಸಿ ಎತ್ತುತ್ತಿತ್ತು. ಲಕ್ವ ಹೊಡೆದ ಕೈಯ ಮೇಲೆ ಈತ ಇನ್ನಷ್ಟು ಭಾರ ಹೇರಿದ್ದ.

ಆತನಿಗೆ ಏನೂ ಹೇಳದೆ ನಾನೇ ಹೋಸ್ಟ್ ಆದೆ. ನಾನೂ ಅಣ್ಣನೂ ಟ್ಯಾಂಕಿನ ಆಟಕ್ಕೆ ಕೂತೆವು. ಎಷ್ಟು ಖುಷಿಯಾಗಿತ್ತು ನನಗೆ! ಶತ್ರುಗಳನ್ನು ನಾನು ಅಣ್ಣನ ಕಡೆ ಅಟ್ಟಿ ಕೊಡುತ್ತಿದ್ದೆ, ಅವನು ಹೊಡೆಯುತ್ತಿದ್ದ. "ಸೂಪರ್ ಅಣ್ಣ, ಸೂಪರ್," ಎನ್ನುತ್ತಿದ್ದೆ. ಅವನು ಹೂಂ ಹೂಂ ಎನ್ನುತ್ತಿದ್ದ. ಸ್ವಲ್ಪ ದಿನಕ್ಕೆ "ಇವತ್ತು ಬ್ಯಾಡ ಕಣೇ, ಸುಸ್ತು" ಎನ್ನಲು ಶುರು ಮಾಡಿದ. ಸುಸ್ತಿರಬಹುದು ಎಂದುಕೊಂಡೆ. ಒಂದು ಸಂಜೆ ಅತ್ತಿಗೆಗೆ ಬೇರೆ ಏನೋ ಕೇಳಲು ಫೋನ್ ಮಾಡಿದರೆ ಹಿಂದಿನಿಂದ ಕುಸ್ತಿ ಆಟದ ಸಂಗೀತ ಕೇಳಿಸಿತು, ಜೊತೆಗೆ ಸಿರಾದ ಆ ನಗು.

ಭಾನುವಾರ ಬೆಳಿಗ್ಗೆಯೇ ಪಾವಗಡಕ್ಕೆ ಹೋಗಿ, ಅಲ್ಲಿಂದ ಬಲಸಮುದ್ರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಬಿಸಿಲಿಗೆ ಮುಖ ಮಾಡಿದ ನೀಲಿ ಫಲಕಗಳು ಮುಗಿಯುವುದೇ ಇಲ್ಲ. ಮನೆ ಮುಟ್ಟಿದಾಗ ಅಣ್ಣ ವರಾಂಡದಲ್ಲಿ ಒಬ್ಬನೇ ಗೇಮ್‌ಪ್ಯಾಡ್ ಹಿಡಿದು ಅಭ್ಯಾಸ ಮಾಡುತ್ತಿದ್ದ. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿತ್ತು.

"ಆ ನೀಚನ ಜೊತೆ ಯಾಕಣ್ಣ ಆಡ್ತೀಯ?" ಎಂದೆ, ಚಪ್ಪಲಿಯನ್ನೂ ಬಿಡದೆ.

"ಕೂತ್ಕೊ ಮೊದ್ಲು."

"ನಿನ್ನ ಕೈ ಬಗ್ಗೆ ಆಡ್ಕೊಂಡು ನಗ್ತಾನೆ. ನಾನು ಕೇಳಿಸಿಕೊಂಡಿದ್ದೀನಿ."

"ನಗ್ತಾನೆ. ನೀನು ನಗಲ್ಲ. ನೀನು ಗೆಲ್ಲಿಸ್ತೀಯ." ಅಣ್ಣ ಪ್ಯಾಡನ್ನು ಕೆಳಗಿಟ್ಟ. "ಟ್ಯಾಂಕು ನನ್ನ ಬಾಯಿಗೆ ತಂದು ತಂದು ಇಡ್ತೀಯ. ಇವಳು ತುತ್ತು ಕಲಸಿ ಕೊಡ್ತಾಳಲ್ಲ, ಅಂಗೆ. ಬಂದೋರೆಲ್ಲ ಮೆತ್ತಗೆ ಮಾತಾಡ್ತಾರೆ ಸುಜಿ. ಸತ್ತೋರ ಮನೇಲಿ ಮಾತಾಡ್ದಂಗೆ. ಆ ನನ್ಮಗ ಒಬ್ನೇ ನನ್ನ ಸರಿಯಾಗಿ ಹೊಡಿಯೋದು. ರಾತ್ರಿ ಮಲಗಿದ್ರೂ ಅವನ ನಗು ಕೇಳ್ತದೆ. ಬೆಳಿಗ್ಗೆ ಎದ್ದು ಈ ಬೆರಳು ತಿದ್ತೀನಿ. ನೋಡಿಲ್ಲಿ."

ಎಡಗೈ ಹೆಬ್ಬೆರಳನ್ನು ಎತ್ತಿ ತೋರಿಸಿದ. ನಿಧಾನಕ್ಕೆ, ನಡುಗುತ್ತಾ, ಅದು ಸುತ್ತ ಒಂದು ಸುತ್ತು ತಿರುಗಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಸಂತೋಷ, ಅದರ ಜೊತೆಗೇ ತಡೆಯಲಾರದ ಸಿಟ್ಟು. ಆತ ಅಣ್ಣನನ್ನು ಸಮಾನನೆಂದು ಬಗೆದು ಹೊಡೆದದ್ದಲ್ಲ. ಎದುರಿಗೆ ಯಾರಿದ್ದರೂ ಆತ ಹೊಡೆಯುತ್ತಿದ್ದ. ಔಷಧಿ ಅಂಗಡಿಯವನು ಕಳ್ಳತೂಕ ಹಾಕಿದ್ದರಿಂದ ಹೇಗೋ ಜ್ವರ ಬಿಟ್ಟರೆ ಅವನ ಕಾಲಿಗೆ ಬೀಳುತ್ತಾರೆಯೇ? ನಾನು ಆ ತಡದ ವಿಷಯ ಬಿಡಿಸಿ ಹೇಳಿದೆ. ಅಣ್ಣನ ಮುಖದಲ್ಲಿ ಕೋಪ ಬರುತ್ತದೆಂದು ಕಾದೆ. ಬಂದದ್ದು ನಗು.

"ಅಂದ್ರೆ, ಇಷ್ಟು ದಿನ ನಾನು ಅಷ್ಟೊಂದು ಹಿಂದೆ ಇರ್ಲಿಲ್ಲ ಅನ್ನು," ಎಂದ. "ಸಮ ಮಾಡಿಕೊಡು ನೀನು. ಒಂದೇ ಒಂದು ಆಟ. ಆಮೇಲೆ ನೋಡ್ಕೊತೀನಿ."

ಸಮ ಮಾಡಬೇಕಾದರೆ ನಾನು ಹೋಸ್ಟ್ ಆಗಬೇಕು, ಅವರಿಬ್ಬರೂ ಅತಿಥಿಗಳಾಗಬೇಕು. ಆತ ಒಪ್ಪುವ ಆಸಾಮಿ ಅಲ್ಲ. ಶಾಲೆ ಶುರುವಾದ ಮೇಲೆ ಸ್ಟಾಫಿನವರೆಲ್ಲ ಒಂದು ದಿನ ಸಿದ್ದರಬೆಟ್ಟಕ್ಕೆ ಹೋದೆವು. ದರ್ಶನ ಮುಗಿಸಿ ಬಂಡೆಯ ನೆರಳಿನಲ್ಲಿ ಪುಳಿಯೋಗರೆ ಬಿಚ್ಚಿಕೊಂಡು ಕೂತಿದ್ದಾಗ, ಹೆಡ್‌ಮಾಸ್ಟರೂ ಇದ್ದರು, ನಾನು ಮಾತು ತೆಗೆದೆ. "ಸರ್, ಹೋಸ್ಟ್ ನೀವಾದಾಗ ಗೆಲ್ತೀರಿ. ಬೇರೆಯವರು ಹೋಸ್ಟ್ ಆದ್ರೂ ಗೆಲ್ತೀರಾ ಅಂತ ನಮ್ಮಣ್ಣ ಕೇಳ್ತಿದ್ದ."

ಆತ ತಿನ್ನುವುದನ್ನು ನಿಲ್ಲಿಸಿದ. ಒಂದು ಕ್ಷಣ ಕಣ್ಣು ನನ್ನ ಮೇಲೆ ನೆಟ್ಟಿತು. ನನಗೆ ಎಷ್ಟು ಗೊತ್ತಾಗಿದೆ ಎಂದು ಅಳೆಯುತ್ತಿದ್ದ.

"ಅರೆ, ಹೆದರಿಕೆನಾ ಸಾಬ್?" ಎಂದರು ಫಯಾಜ್ ಸರ್, ಮುಗ್ಧರಂತೆ.

"ಯಾರಿಗ್ರೀ ಹೆದರಿಕೆ? ಎಲ್ಲಿ ಬೇಕಾದ್ರೂ ಆಡ್ತೀನಿ. ಶನಿವಾರ ಇಟ್ಕೊಳ್ಳಿ," ಎಂದುಬಿಟ್ಟ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಫಯಾಜ್ ಸರ್ ಊರಿಗೆ ಹೋಗದೆ ನಮ್ಮ ಮನೆಗೆ ಬಂದು ಕೂತರು. ಆತ ಸಿರಾ ಮುಟ್ಟಿ ಸೇರಿಕೊಂಡ. ಅಣ್ಣ ಬಲಸಮುದ್ರದಿಂದ ಸೇರಿಕೊಂಡ. ತಡ ಇಬ್ಬರಿಗೂ ಸಮ. ಮೂರರಲ್ಲಿ ಎರಡು ಗೆದ್ದವರಿಗೆ ಆಟ. ಮೊದಲನೆಯದನ್ನು ಆತ ಗೆದ್ದ. ಫೋನಿನಲ್ಲಿ ನಕ್ಕ. ಎರಡನೆಯದರಲ್ಲಿ ಅಣ್ಣ ಹೊಡೆತ ತಿಂದು ತಿಂದು, ಹಗ್ಗದ ಅಂಚಿನಲ್ಲಿ ತಟಕ್ಕನೆ ತಿರುಗಿ ಆತನ ಗೊಂಬೆಯನ್ನು ಕಣದಾಚೆಗೆ ಉರುಳಿಸಿದ. ಈಗ ಫೋನಿನಲ್ಲಿ ನಗು ಇರಲಿಲ್ಲ. ಮೂರನೆಯದು ಶುರುವಾಯಿತು. ಅಣ್ಣನ ಗೊಂಬೆ ಒಮ್ಮೆಯೂ ಹಿಂದೆ ಸರಿಯಲಿಲ್ಲ. ಆತನದನ್ನು ಮೂಲೆಗೆ ಒತ್ತಿ, ಹಿಡಿದು, ತಲೆಯ ಮೇಲಕ್ಕೆ ಎತ್ತಿತು. ಫಯಾಜ್ ಸರ್ ಕುರ್ಚಿಯಿಂದ ಎದ್ದು ನಿಂತರು. ಎತ್ತಿದ ಗೊಂಬೆ ಗಾಳಿಯಲ್ಲೇ ನಿಂತುಹೋಯಿತು. ಒಬ್ಬ ಆಟಗಾರ ಹೊರಟುಹೋಗಿದ್ದಾನೆ ಎಂದು ಪರದೆಯ ಕೆಳಗೆ ಅಕ್ಷರ ಮೂಡಿತು. ಫೋನೂ ಕಡಿದುಹೋಯಿತು.

ಫಯಾಜ್ ಸರ್ ಆತನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಕರೆಂಟ್ ಹೋಗ್ಬುಡ್ತು ಕಣ್ರೀ," ಎಂದ ಆತ. "ಇಡೀ ಏರಿಯಾದಲ್ಲೇ ಇಲ್ಲ."

ಆತನ ಮನೆಯೂ ಫಯಾಜ್ ಸರ್ ಮನೆಯೂ ಅಕ್ಕಪಕ್ಕದ ಬೀದಿ. ಅವರು ಮನೆಗೆ ಫೋನ್ ಮಾಡಿ ಹೆಂಡತಿಯೊಡನೆ ಎರಡು ಮಾತಾಡಿ ನನ್ನ ಕಡೆ ತಿರುಗಿದರು. "ನಮ್ಮ ಗಲ್ಲೀಲಿ ಫ್ಯಾನು ತಿರುಗ್ತಾ ಇದೆಯಂತೆ ಮೇಡಂ. ಮಿಕ್ಸಿನೂ ಹಾಕಿದ್ದಾಳಂತೆ."

ಅಣ್ಣ ಇನ್ನೂ ನನ್ನ ಫೋನಿನಲ್ಲಿ ಕಾಯುತ್ತಿದ್ದ. "ಗೆದ್ದೆ ಅಲ್ವೇನೆ?"

"ಗೆದ್ದೆ ಕಣಣ್ಣ. ನಾವು ನೋಡಿದ್ವಲ್ಲ."

"ನೀವಲ್ಲ. ಅವನು ಅನ್ಬೇಕು," ಎಂದ.

ಆತ ಅನ್ನಲಿಲ್ಲ. ಆಮೇಲೆ ಆತ ಆಟಕ್ಕೇ ಬರಲಿಲ್ಲ. ಅಣ್ಣನ ಫೋನ್ ಎತ್ತಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಎದುರಿಗೇ ಕೇಳಿದಾಗ, "ನಿಮ್ಮ ಲೈನ್ ಸರಿಯಿಲ್ಲ ಮೇಡಂ. ಮಧ್ಯ ನಿಂತ ಆಟಕ್ಕೆ ಲೆಕ್ಕ ಇಲ್ಲ" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಅಣ್ಣ ಸಂಜೆ ಸಂಜೆ ಲ್ಯಾಪ್‌ಟಾಪ್ ತೆರೆದು ಕಾಯುತ್ತಿದ್ದ. "ಬರ್ತಾನೆ ಬುಡು," ಎನ್ನುತ್ತಿದ್ದ. ಒಬ್ಬ ಕಾಹಿಲೆಯ ಮನುಷ್ಯ ಹೀಗೆ ತನಗಾಗಿ ಕಾಯುತ್ತಿದ್ದಾನೆ ಎಂದು ಗೊತ್ತಿದ್ದೂ ಆತ ಬರಲಿಲ್ಲ. ಸಿರಾದ ಆ ಮನೆಯಲ್ಲಿ ಫೈಬರ್ ಲೈನಿನ ದೀಪ ಮಿನುಗುತ್ತಲೇ ಇದೆ ಎಂದುಕೊಂಡಿದ್ದೆ. ನಾನು ಬೇರೆ ಆಟಗಾರರನ್ನು ಹುಡುಕಿ ಕೊಟ್ಟೆ, ಫಯಾಜ್ ಸರ್ ಸ್ವತಃ ಆಡಿದರು. ಅಣ್ಣ ಅವರೊಡನೆ ಆಡಿದ, ಗೆದ್ದ, ಸೋತ. ಕೈ ಸುಧಾರಿಸುತ್ತಲೇ ಹೋಯಿತು. ಆದರೆ ಬಾಯಿಯ ಮೂಲೆಯಲ್ಲಿ ನಾಲಿಗೆ ಕಾಣಿಸಲಿಲ್ಲ ಎಂದು ಅತ್ತಿಗೆ ಹೇಳಿದಳು.

ನಿವೃತ್ತಿಯ ಸಮಾರಂಭದಲ್ಲಿ ಆತ ಪೇಟ ತೊಟ್ಟು, ಶಾಲು ಹೊದ್ದು, ಮೈಕಿನ ಮುಂದೆ ಬಹಳ ಹೊತ್ತು ಮಾತಾಡಿದ. ಪಾವಗಡ ತಾಲ್ಲೂಕಿನಲ್ಲಿ ಪಾರ್ಶ್ವವಾಯು ಪೀಡಿತರೊಬ್ಬರ ಕೈಯನ್ನು ತಾನು ತಂತ್ರಜ್ಞಾನದ ಮೂಲಕ ಸರಿಪಡಿಸಿದ್ದಾಗಿ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಹೋಗಿ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಣ್ಣ ಬಿದ್ದು ಬಿದ್ದು ನಕ್ಕ. ಆಮೇಲೆ ಕೇಳಿದ, "ಕೊನೇ ಆಟದ ವಿಚಾರ ಏನಾದ್ರೂ ಅಂದ್ನಾ?"

ಸಾವಿನ ಸುದ್ದಿ ಹೇಳಿದವರು ಫಯಾಜ್ ಸರ್. ನಾನು ಹೋಗುವವಳಿರಲಿಲ್ಲ. ಅಣ್ಣ ಬಿಡಲಿಲ್ಲ. ಒಬ್ಬನೇ ಬಸ್ಸು ಹಿಡಿದು ಮಧುಗಿರಿಗೆ ಬಂದು, ನನ್ನನ್ನು ಎಬ್ಬಿಸಿಕೊಂಡು ಸಿರಾಕ್ಕೆ ಹೊರಟ. ಇಷ್ಟು ವರ್ಷದಲ್ಲಿ ಅಣ್ಣ ಆತನನ್ನು ಕಣ್ಣಾರೆ ಕಂಡೇ ಇರಲಿಲ್ಲ. ಮೊದಲ ಸಲ ಕಂಡದ್ದು ಹಾರ ಹಾಕಿದ ಫೋಟೋದಲ್ಲಿ. ಅದರ ಮುಂದೆ ಬಹಳ ಹೊತ್ತು ನಿಂತ.

ಆತನ ಹೆಂಡತಿ ಸಣ್ಣಗೆ, ಬಿಳಿಚಿಕೊಂಡು, ಚಾಪೆಯ ಮೇಲೆ ಕೂತಿದ್ದರು. ನಾನು ಪರಿಚಯ ಹೇಳಿದೆ. ಅವರ ಕಣ್ಣು ಅಣ್ಣನ ಎಡಗೈಗೆ ಹೋಯಿತು.

"ಪಾವಗಡದೋರು ನೀವೇನಾ?" ಎಂದರು. "ಸ್ಕೂಲಿಂದ ಬಂದೋರು ಮುಖಾನೂ ತೊಳೀದೆ ಆ ಪೆಟ್ಟಿಗೆ ಮುಂದೆ ಕೂರೋರು. ನೀವು ಬರೋದ್ರೊಳಗೆ ಒಬ್ರೇ ಆಡಿ ಆಡಿ ನೋಡ್ಕೊಳ್ಳೋರು. ಒಂದಿನ ಏನಾಯ್ತೋ, ವೈರೆಲ್ಲ ಕಿತ್ತು ಅಟ್ಟದ ಮೇಲೆ ಎಸೆದ್ರು. ಊಟಾನೂ ಮಾಡ್ಲಿಲ್ಲ. ಯಾಕ್ರೀ ಅಂದ್ರೆ..." ಎಂದು ನಿಲ್ಲಿಸಿದರು.

"ಏನಂದ್ರಮ್ಮ?" ಎಂದ ಅಣ್ಣ.

"ಸೋತ್ಬುಟ್ಟೆ ಕಣೇ, ಅಂದ್ರು. ನನ್ನ ಮುಂದೆ ಆ ಮಾತು ಅಂದಿದ್ದು ಅದೊಂದೇ ಸಲ."

ಅಣ್ಣ ಮಗುವಿನಂತೆ ಕೇಳಿದ, "ಇನ್ನೊಂದ್ಸಲ ಹೇಳ್ತೀರಾ?"

ಅವರು ಹೇಳಿದರು.

ವಾಪಸು ಮಧುಗಿರಿಯ ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತು ಅಳುತ್ತಿದ್ದ, ನಗುತ್ತಲೂ ಇದ್ದ. "ಒಳ್ಳೆ ಆಟಗಾರ ಕಣೇ ಅವನು. ನೀನು ಏನೇ ಅನ್ನು," ಎಂದ.

ಒಂದು ಮಾತು. ಫೋನ್ ಎತ್ತಿ ಅಣ್ಣನಿಗೆ ಆ ಒಂದು ಮಾತು ಹೇಳಲು ಆತನಿಗೆ ಎಷ್ಟೊಂದು ಸಂಜೆಗಳಿದ್ದವು. ಬಾಗಿಲು ಹಾಕಿಕೊಂಡು ಹೆಂಡತಿಗೆ ಹೇಳಿ, ಅದನ್ನೂ ಬೀಗ ಹಾಕಿಟ್ಟುಕೊಂಡು ಸತ್ತ. ಅಣ್ಣ ಕ್ಷಮಿಸಿದ್ದಾನೆ, ಅದು ಅವನ ಹಕ್ಕು, ಗೆದ್ದವನು ಅವನು. ನಾನು ಬರೀ ನೋಡಿದವಳು. ನಾನು ಕ್ಷಮಿಸಿಲ್ಲ.